ವಾರ್ಡಿಗೆ ಪೊಲೀಸರು ಬಂದಾಗ ನರ್ಸು ಏನು ಹೇಳಬೇಕು, ಏನು ಹೇಳಬಾರದು? (ಎನ್‌ಎಚ್‌ಎಸ್, ಇಂಗ್ಲೆಂಡ್)

ಕುಂದಾಪ್ರ_ನರ್ಸ್

ಇಂಗ್ಲೆಂಡಿನ ಎನ್‌ಎಚ್‌ಎಸ್ ಟ್ರಸ್ಟ್‌ಗಳಿಗೆ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆ ಸಂಸ್ಥೆಗಳಿಗೆ) ನಮ್ಮ ಕಡೆಯಿಂದ ಹೊಸದಾಗಿ ಬರುವ ನರ್ಸುಗಳಿಗಾಗಿ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಮಾಡುತ್ತಿದ್ದೇವೆ. ಮೂರು ಕಡೆ ಗೊಂದಲ ಇದೆ. ಒಂದು, ಪೊಲೀಸರು ರೋಗಿಯ ಮಾಹಿತಿ ಕೇಳಿದರೆ ಕೊಡಲೇಬೇಕಾ? ಎರಡು, ಇಂಡಕ್ಷನ್‌ನಲ್ಲಿ ಬರುವ ಪ್ರಿವೆಂಟ್ (ಭಯೋತ್ಪಾದನೆಯತ್ತ ವಾಲುವವರನ್ನು ಮೊದಲೇ ಗುರುತಿಸುವ ಸರ್ಕಾರಿ ಯೋಜನೆ) ತರಬೇತಿ. ಅನುಮಾನ ಬಂದವರ ಹೆಸರು ಕೊಡುವುದು ನರ್ಸಿನ ಮೇಲೆ ಕಾನೂನಿನ ಕಡ್ಡಾಯವಾ? ಮೂರು, ವೀಸಾ ನೋಡಿ ಬಿಲ್ ಹಾಕುವ ಪದ್ಧತಿ. ಇದನ್ನೆಲ್ಲ ವಿರೋಧಿಸುವ ಮೆಡ್ಯಾಕ್ಟ್ ಅಣುಬಾಂಬ್ ವಿರುದ್ಧ ಹೋರಾಡುವ ಡಾಕ್ಟರುಗಳ ಸಂಘ ಅಂತ ಕೇಳಿದ್ದು. ಬಾಂಬಿಗೂ ಬಿಲ್ಲಿಗೂ ಏನು ಸಂಬಂಧ ಮಾರಾಯ್ರೆ?

ಹಳೆ_ರಿಜಿಸ್ಟ್ರಾರ್

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬ್ರಿಟನ್ನಿನಲ್ಲಿ ಕೊರಿಯಾ ಯುದ್ಧದ ಹೊತ್ತಿಗೆ, 1951ರಲ್ಲಿ, ಯುದ್ಧ ತಡೆಗಾಗಿ ವೈದ್ಯರ ಒಂದು ಸಂಘ ಹುಟ್ಟಿತು. 1980ರಲ್ಲಿ ಅಣ್ವಸ್ತ್ರ ವಿರೋಧಿ ವೈದ್ಯರ ಇನ್ನೊಂದು ಸಂಘ ಬಂತು. ಎರಡೂ 1992ರಲ್ಲಿ ಸೇರಿ ಮೆಡ್ಯಾಕ್ಟ್ ಆಯಿತು. ಇದು ಐಪಿಪಿಎನ್‌ಡಬ್ಲ್ಯೂ ಎಂಬ ಅಂತಾರಾಷ್ಟ್ರೀಯ ವೈದ್ಯರ ಒಕ್ಕೂಟದ ಬ್ರಿಟಿಷ್ ಶಾಖೆ. ಅಮೆರಿಕದ ಬರ್ನಾರ್ಡ್ ಲೌನ್ ಮತ್ತು ಸೋವಿಯತ್ ಒಕ್ಕೂಟದ ಯೆವ್‌ಗೆನಿ ಚಾಝೋವ್ ಎಂಬ ಇಬ್ಬರು ಹೃದಯತಜ್ಞರು 1980ರಲ್ಲಿ ಕಟ್ಟಿದ ಆ ಒಕ್ಕೂಟಕ್ಕೆ 1985ರ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು. ಭಾರತದ ಶಾಖೆ ಐಡಿಪಿಡಿ. ಭಾರತ-ಪಾಕಿಸ್ತಾನ ನಡುವೆ ಹಿರೋಷಿಮಾ ಗಾತ್ರದ 100 ಬಾಂಬು ಬಿದ್ದರೆ ಹೊಗೆಯಿಂದ ಬೆಳೆ ಕೆಟ್ಟು 200 ಕೋಟಿ ಜನ ಹಸಿವಿನ ಅಂಚಿಗೆ ಬರುತ್ತಾರೆ ಅಂತ 2013ರಲ್ಲಿ ವರದಿ ಕೊಟ್ಟಿದ್ದೂ ಇದೇ ಒಕ್ಕೂಟ.

ಸಂಬಂಧ ಎಲ್ಲಿ ಅಂದರೆ, 1980ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಅಣುಯುದ್ಧ ಬಂದರೆ ಬದುಕಿಕೊಳ್ಳುವುದು ಹೇಗೆ ಎಂದು ಮನೆಮನೆಗೆ ಹೇಳಿಕೊಡಲು ಹೊರಟಿತ್ತು. ಆ ಯೋಜನೆಗೆ ಆಸ್ಪತ್ರೆಗಳೂ ಬೇಕಿದ್ದವು. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ (ಬಿಎಂಎ) 1983ರಲ್ಲಿ ಲೆಕ್ಕ ಹಾಕಿ, ಅಂಥ ದಾಳಿಯ ಗಾಯಾಳುಗಳನ್ನು ಎನ್‌ಎಚ್‌ಎಸ್ ನಿಭಾಯಿಸಲಾರದು ಎಂದು ಬರೆದುಕೊಟ್ಟಿತು. ಸರ್ಕಾರದ ಭದ್ರತಾ ಯೋಜನೆಗೆ ವೈದ್ಯರು ಸುಮ್ಮನೆ ಸಹಿ ಹಾಕುವುದಿಲ್ಲ ಎಂಬ ನಿಲುವು ಅಲ್ಲಿಂದ ಬಂದದ್ದು. 2015ರ ಮೇಲೆ ಆ ಭದ್ರತಾ ಯೋಜನೆ ಬಂಕರ್‌ನಿಂದ ಓಪಿಡಿಗೆ ಬಂತು, ಅಷ್ಟೇ.

ಕಡತಕಾಕಾ

ಪೊಲೀಸರ ಪ್ರಶ್ನೆಗೆ ನಾನು ಬರೆಯುತ್ತೇನೆ, ಮಾಹಿತಿ ವಿಭಾಗದ ಕೆಲಸ ಇದು. ಟಿಪ್ಪಣಿಯಲ್ಲಿ ಒಂದೇ ಸಾಲು ಉಳಿಸಿಕೊಳ್ಳಬೇಕು ಅಂದರೆ ಇದನ್ನು ಉಳಿಸಿ: "ಕೊಡಬಹುದು" ಬೇರೆ, "ಕೊಡಲೇಬೇಕು" ಬೇರೆ.

ಪೊಲೀಸರು ಸಾಮಾನ್ಯವಾಗಿ ತರುವ ಫಾರ್ಮ್ 2018ರ ಡೇಟಾ ಪ್ರೊಟೆಕ್ಷನ್ ಆಕ್ಟ್‌ನ 2ನೇ ಶೆಡ್ಯೂಲ್, 1ನೇ ಭಾಗ, 2ನೇ ಪ್ಯಾರಾದ ಅಡಿ ಬರುತ್ತದೆ. ಹಳಬರು ಈಗಲೂ ಅದನ್ನು "ಸೆಕ್ಷನ್ 29 ಫಾರ್ಮ್" ಅನ್ನುತ್ತಾರೆ. ಅದು 1998ರ ಕಾನೂನಿನ ಹೆಸರು. ಅಪರಾಧ ತನಿಖೆಗಾಗಿ ಮಾಹಿತಿ ಕೊಟ್ಟರೆ ಡೇಟಾ ಕಾನೂನಿನ ಕೆಲವು ನಿಯಮಗಳಿಂದ ಆಸ್ಪತ್ರೆಗೆ ವಿನಾಯಿತಿ ಸಿಗುತ್ತದೆ ಎನ್ನುವುದಷ್ಟೇ ಅದರ ಅರ್ಥ. ಕೊಡಲೇಬೇಕೆಂಬ ಆಜ್ಞೆ ಅದರಲ್ಲಿಲ್ಲ. ರೋಗಿಯ ಗುಟ್ಟು ಕಾಯುವ ಹೊಣೆ ಫಾರ್ಮ್ ಬಂದ ಮೇಲೂ ಹಾಗೇ ಇರುತ್ತದೆ. ರೋಗಿಯ ಒಪ್ಪಿಗೆ ಇರಬೇಕು, ಇಲ್ಲವೇ ಯಾರಿಗಾದರೂ ಸಾವು ಅಥವಾ ಗಂಭೀರ ಹಾನಿ ಆಗುವುದನ್ನು ತಡೆಯುವಂಥ ಸಾರ್ವಜನಿಕ ಹಿತದ ಕಾರಣ ಇರಬೇಕು.

ಕಡ್ಡಾಯ ಇರುವಂಥವು ಬೆರಳೆಣಿಕೆಯಷ್ಟು:

- ಕೋರ್ಟಿನ ಆದೇಶ. ವೈದ್ಯಕೀಯ ದಾಖಲೆಯನ್ನು 1984ರ ಪೇಸ್ ಕಾಯ್ದೆ (ಪೊಲೀಸರ ಅಧಿಕಾರ ಮತ್ತು ಸಾಕ್ಷ್ಯದ ಕಾಯ್ದೆ) ವಿಶೇಷ ರಕ್ಷಣೆಯ ವರ್ಗಕ್ಕೆ ಸೇರಿಸಿದೆ. ಮಾಮೂಲಿ ಸರ್ಚ್ ವಾರಂಟ್ ಹಿಡಿದು ಬಂದರೆ ತಕ್ಷಣ ಟ್ರಸ್ಟಿನ ಕಾನೂನು ವಿಭಾಗಕ್ಕೆ ಫೋನ್ ಮಾಡಿ.
- 1988ರ ರೋಡ್ ಟ್ರಾಫಿಕ್ ಆಕ್ಟ್, ಸೆಕ್ಷನ್ 172. ಅಪರಾಧ ಮಾಡಿದ ವಾಹನದ ಚಾಲಕ ಯಾರು ಎಂದು ಗುರುತಿಸುವ ಮಾಹಿತಿ ಮಾತ್ರ. ಗಾಯದ ವಿವರ, ರಕ್ತದ ವರದಿ ಇದರಲ್ಲಿ ಬರುವುದಿಲ್ಲ.
- 2000ದ ಟೆರರಿಸಂ ಆಕ್ಟ್. ಭಯೋತ್ಪಾದಕ ಕೃತ್ಯ ತಡೆಯಲು ಅಥವಾ ಮಾಡಿದವರನ್ನು ಹಿಡಿಯಲು ನೆರವಾಗಬಹುದು ಎಂದು ನಿಮಗೆ ಗೊತ್ತಿರುವ ಅಥವಾ ನೀವು ನಂಬುವ ಮಾಹಿತಿ ಇದ್ದರೆ ಹೇಳಬೇಕು.
- 18ಕ್ಕಿಂತ ಚಿಕ್ಕ ಹುಡುಗಿಗೆ ಜನನಾಂಗ ಛೇದನ ಆಗಿದೆ ಎಂದು ಅವಳೇ ಹೇಳಿದರೆ, ಅಥವಾ ಪರೀಕ್ಷೆಯಲ್ಲಿ ಕಂಡರೆ. 2015ರ ಅಕ್ಟೋಬರ್ 31ರಿಂದ ಜಾರಿ. ನೋಡಿದವರೇ 101ಕ್ಕೆ (ಪೊಲೀಸರ ತುರ್ತಲ್ಲದ ನಂಬರು) ಫೋನ್ ಮಾಡಬೇಕು, ಮೇಲಿನವರಿಗೆ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಉಳಿದದ್ದಕ್ಕೆಲ್ಲ ಕ್ರಮ ಒಂದೇ. ಅಧಿಕಾರಿಯ ಹೆಸರು, ನಂಬರು, ಠಾಣೆ, ಕೇಸಿನ ಸಂಖ್ಯೆ, ಯಾವ ಅಪರಾಧ, ನಿಖರವಾಗಿ ಯಾವ ಮಾಹಿತಿ, ಏಕೆ ಬೇಕು, ರೋಗಿಯನ್ನೇ ಏಕೆ ಕೇಳಲಿಲ್ಲ ಎಂಬುದನ್ನೆಲ್ಲ ಬರಹದಲ್ಲಿ ಪಡೆಯಿರಿ. ಹಗಲಾದರೆ ಮಾಹಿತಿ ವಿಭಾಗಕ್ಕೆ, ರಾತ್ರಿಯಾದರೆ ಸೈಟ್ ಮ್ಯಾನೇಜರ್‌ಗೆ ದಾಟಿಸಿ. ಕಗ್ಗಂಟಾದರೆ ಕ್ಯಾಲ್ಡಿಕಾಟ್ ಗಾರ್ಡಿಯನ್ ನಿರ್ಧರಿಸುತ್ತಾರೆ, ಪ್ರತಿ ಟ್ರಸ್ಟಿನಲ್ಲೂ ಒಬ್ಬರಿರುತ್ತಾರೆ. ಕೊಟ್ಟರೂ ಕೊಡದಿದ್ದರೂ ಕಾರಣ ಸಮೇತ ನೋಟ್ಸ್‌ನಲ್ಲಿ ಬರೆಯಿರಿ.

ಎಡವಟ್ಟು ಆಗುವುದು ಫಾರ್ಮಿನಲ್ಲಲ್ಲ, ಫೋನಿನಲ್ಲಿ. "ಇಂಥವರು ನಿಮ್ಮ ವಾರ್ಡಿನಲ್ಲಿ ಇದ್ದಾರಾ?" ಎಂದು ಕೇಳಿದರೆ ರಿಸೆಪ್ಷನ್‌ನವರು "ಹೌದು, 4ನೇ ಬೇ" ಅಂದುಬಿಡುತ್ತಾರೆ. ಅದೂ ಮಾಹಿತಿಯೇ. ಇಲ್ಲ, ಹೌದು ಎರಡೂ ಹೇಳದೆ, ಠಾಣೆಯ ಸ್ವಿಚ್‌ಬೋರ್ಡ್ ಮೂಲಕ ಮರುಕರೆ ಮಾಡುತ್ತೇವೆ ಅನ್ನಬೇಕು. ಇನ್ನೊಂದು, ಒಂದು ದಿನದ ಗಾಯದ ವಿವರ ಕೇಳಿದ್ದಕ್ಕೆ 10 ವರ್ಷದ ಇಡೀ ಫೈಲು ಪ್ರಿಂಟ್ ತೆಗೆದುಕೊಡುವುದು.

ಧಾರವಾಡ_ಪೇಡೆ

ಕಾಕಾ, ಚಾಕು ಇರಿತದ ಬಗ್ಗೆನೂ ಬರೀರಿ. ಊರಿಂದ ಬಂದವ್ರು ಎಡವೋದು ಅಲ್ಲೇ. ನಮ್ಮಲ್ಲಿ ಎಂಎಲ್‌ಸಿ (ಪೊಲೀಸ್ ಕೇಸು) ಅಂದ್ರ ರಿಜಿಸ್ಟರ್‌ನ್ಯಾಗ ಹೆಸರು, ವಿಳಾಸ, ಗುರುತಿನ ಮಚ್ಚಿ, ಕರಕೊಂಡು ಬಂದವ್ರ ಹೆಸರು ಎಲ್ಲಾ ಬರದು ಠಾಣಾಕ್ಕ ಇಂಟಿಮೇಷನ್ ಕಳಸೋದು ರೂಢಿ. ಅದೇ ಕೈ ಇಲ್ಲೂ ಓಡ್ತದ.

ಕಡತಕಾಕಾ

ಸರಿಯಾಗಿ ಹೇಳಿದಿರಿ. ಇಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್‌ನ ಸೂಚನೆ ಎರಡು ಹಂತದ್ದು. ಗುಂಡೇಟಾಗಲಿ, ಚಾಕು ದಾಳಿಯಾಗಲಿ, ಇಂಥ ಗಾಯದವರು ಬಂದಿದ್ದಾರೆ ಅಂತ ಪೊಲೀಸರಿಗೆ ಬೇಗ ತಿಳಿಸಬೇಕು. ಹೊರಗೆ ಇನ್ನೊಬ್ಬರಿಗೆ ಅಪಾಯ ಇರಬಹುದು ಎನ್ನುವುದು ಕಾರಣ. ಈ ಮೊದಲ ಫೋನಿನಲ್ಲಿ ಹೆಸರು, ವಿಳಾಸ ಸಾಮಾನ್ಯವಾಗಿ ಕೊಡುವುದಿಲ್ಲ. ಪೊಲೀಸರು ಬಂದ ಮೇಲೆ, ರೋಗಿ ಮಾತಾಡುವ ಸ್ಥಿತಿಯಲ್ಲಿದ್ದಾರೆ ಎಂದು ಚಿಕಿತ್ಸೆ ಕೊಡುವವರು ಹೇಳಿದರೆ, ರೋಗಿ ಒಪ್ಪಿದರೆ, ಭೇಟಿ. ಅಡುಗೆ ಮಾಡುವಾಗ ಕೈ ಕೊಯ್ದುಕೊಂಡದ್ದು, ತಾನೇ ಗಾಯ ಮಾಡಿಕೊಂಡದ್ದು ಇದರಲ್ಲಿ ಬರುವುದಿಲ್ಲ. ಗುಂಡೇಟು ಮಾತ್ರ ಆಕಸ್ಮಿಕವಾದರೂ ಹೇಳಬೇಕು.

ನೈಟ್_ಡ್ಯೂಟಿ

ಸ್ವಲ್ಪ ವಿರೋಧ ದಾಖಲಿಸ್ತೀನಿ. ಕುಡಿದು ಬಂದವನು ಎ ಆ್ಯಂಡ್ ಇಯಲ್ಲಿ (ತುರ್ತು ಚಿಕಿತ್ಸಾ ವಿಭಾಗ) ಸ್ಟಾಫ್ ಮೇಲೆ ಕೈ ಮಾಡಿದರೆ ಯಾವ ಸಂಘ ಬಂದು ಬಿಡಿಸುತ್ತೆ? "ಆಸ್ಪತ್ರೆಯಲ್ಲಿ ಪೊಲೀಸ್ ಬೇಡ" ಅನ್ನೋ ಬ್ಯಾಡ್ಜು ಕೇಳಕ್ಕೆ ಚೆಂದ. ಕರ್ನಾಟಕದಲ್ಲೇ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಗೆ 2009ರಲ್ಲಿ ಪ್ರತ್ಯೇಕ ಕಾಯ್ದೆ ಬೇಕಾಯ್ತು.

ಮನೋವಾರ್ಡ್

ಹಲ್ಲೆ ಆದಾಗ 999ಕ್ಕೆ ಕರೆ ಮಾಡಬೇಡಿ ಅಂತ ಯಾರೂ ಹೇಳುತ್ತಿಲ್ಲ ಸರ್. ಇಲ್ಲೂ 2018ರ ಕಾನೂನಿದೆ, ತುರ್ತು ಸಿಬ್ಬಂದಿ ಮೇಲಿನ ಹಲ್ಲೆಗೆ ಈಗ ಗರಿಷ್ಠ 2 ವರ್ಷ ಶಿಕ್ಷೆ. ತಕರಾರು ಇರುವುದು ಚಿಕಿತ್ಸೆಯ ಒಳಗೇ ಪೊಲೀಸರನ್ನು ಕೂರಿಸುವುದಕ್ಕೆ. ಎರಡು ಉದಾಹರಣೆ ಕೊಡುತ್ತೇನೆ.

ಒಂದು, 2010ರಲ್ಲಿ ಲಂಡನ್ನಿನ ಬೆತ್ಲೆಮ್ ರಾಯಲ್ ಆಸ್ಪತ್ರೆಗೆ ತಾನಾಗಿ ದಾಖಲಾಗಿದ್ದ ಒಲಸೆನಿ ಲೂಯಿಸ್ ಎಂಬ 23ರ ಯುವಕನನ್ನು 11 ಪೊಲೀಸರು ಹಿಡಿದು ಒತ್ತಿದರು. ಅವನು ಬದುಕಲಿಲ್ಲ. ಕುಟುಂಬದವರ ವರ್ಷಗಟ್ಟಲೆ ಹೋರಾಟದಿಂದ 2018ರಲ್ಲಿ "ಸೆನಿ ಕಾನೂನು" ಬಂತು. ಮಾನಸಿಕ ಆರೋಗ್ಯ ಘಟಕಕ್ಕೆ ನೆರವಿಗೆ ಬರುವ ಪೊಲೀಸರು ಸಾಧ್ಯವಿದ್ದರೆ ಬಾಡಿ ಕ್ಯಾಮೆರಾ ಹಾಕಿರಬೇಕು, ತೀರಾ ಸಣ್ಣದನ್ನು ಬಿಟ್ಟು ಪ್ರತಿ ಬಲಪ್ರಯೋಗವನ್ನೂ ಆಸ್ಪತ್ರೆ ದಾಖಲಿಸಬೇಕು. ಟಿಪ್ಪಣಿಗೆ ಸೇರಿಸಿ: ಪೊಲೀಸರು ಬಂದರೂ ರೋಗಿಯ ಉಸಿರು, ನಾಡಿ, ಬಣ್ಣ ನೋಡುವ ಹೊಣೆ ನರ್ಸಿನದೇ. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಬಿದ್ದಿದ್ದರೆ ಸುಮ್ಮನೆ ನಿಂತು ನೋಡಬಾರದು, "ಮಗ್ಗುಲಾಗಿಸಿ" ಎಂದು ಜೋರಾಗಿ ಹೇಳಿ, ಹೇಳಿದ ಸಮಯ ಬರೆಯಬೇಕು. ಉಸಿರಾಡಲು ಆಗುತ್ತಿಲ್ಲ ಎಂದು ಒದ್ದಾಡುವುದನ್ನು ಪ್ರತಿರೋಧ ಅಂದುಕೊಂಡು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. ಜೀವ ಹೋಗುವುದು ಅಲ್ಲೇ.

ಎರಡು, ಸಿಮ್ ಎಂಬ ಯೋಜನೆ. ಪದೇ ಪದೇ ಆತ್ಮಹತ್ಯೆಗೆ ಯತ್ನಿಸಿ ತುರ್ತು ಸೇವೆಗೆ ಬರುವವರಿಗೆ ಒಬ್ಬ ಪೊಲೀಸ್ ಅಧಿಕಾರಿಯನ್ನು ಮಾನಸಿಕ ಆರೋಗ್ಯ ತಂಡದಲ್ಲೇ ಇಟ್ಟು, ಮತ್ತೆ ಮತ್ತೆ ಕರೆ ಮಾಡಿದರೆ ಕೇಸು ಎಂಬ ಎಚ್ಚರಿಕೆಯೂ ಚಿಕಿತ್ಸಾ ಯೋಜನೆಯ ಭಾಗವಾಗುವ ಹಾಗೆ ಮಾಡಿದ್ದರು. ಇದು ಇಂಗ್ಲೆಂಡಿನ ಬಹಳಷ್ಟು ಟ್ರಸ್ಟ್‌ಗಳಿಗೆ ಹಬ್ಬಿತ್ತು. 2021ರಲ್ಲಿ ಸ್ಟಾಪ್‌ಸಿಮ್ ಎಂಬ ಹೆಸರಿನಲ್ಲಿ ರೋಗಿಗಳೇ ಎದ್ದುನಿಂತರು, ಸಿಬ್ಬಂದಿ ಜೊತೆಗೂಡಿದರು. 2023ರ ಮಾರ್ಚ್‌ನಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಇಂಥ ಮಾದರಿ ಬಳಸಕೂಡದು ಎಂದು ಟ್ರಸ್ಟ್‌ಗಳಿಗೆ ಬರೆಯಿತು. ಆದರೆ ಹೆಸರು ಬದಲಾಯಿಸಿಕೊಂಡು ಉಳಿದಿರಬಹುದು. ಕೇರ್ ಪ್ಲಾನಿನಲ್ಲಿ "ಹೈ ಇಂಟೆನ್ಸಿಟಿ ಯೂಸರ್" ಎಂಬ ಮಾತಿನ ಪಕ್ಕದಲ್ಲೇ ಕೇಸು, ದಂಡ ಎಂಬ ಮಾತು ಕಂಡರೆ ಪ್ರಶ್ನಿಸಿ.

ನೈಟ್_ಡ್ಯೂಟಿ

ಒಪ್ಪಿದೆ. ಆದರೆ 2023ರಲ್ಲಿ ಬಂದ "ರೈಟ್ ಕೇರ್ ರೈಟ್ ಪರ್ಸನ್" ಒಪ್ಪಂದದಲ್ಲಿ ಮಾನಸಿಕ ಆರೋಗ್ಯದ ಕರೆಗಳಿಂದ ಪೊಲೀಸರು ತಾವಾಗಿಯೇ ಹಿಂದೆ ಸರಿದರು. ಆ ಜಾಗಕ್ಕೆ ಬರಬೇಕಾದ ಮಾನಸಿಕ ಆರೋಗ್ಯ ಸಿಬ್ಬಂದಿಗೆ ದುಡ್ಡು ಯಾರು ಕೊಡಬೇಕು ಅನ್ನೋ ಪ್ರಶ್ನೆ ಹಾಗೇ ಉಳೀತು. ಪೊಲೀಸ್ ಬೇಡ ಅನ್ನೋವಾಗ ಆ ಅರ್ಧವನ್ನೂ ಸೇರಿಸಿ ಹೇಳಬೇಕು.

ಹಳೆ_ರಿಜಿಸ್ಟ್ರಾರ್

ನ್ಯಾಯವಾದ ಮಾತು. ಈಗ ಪ್ರಿವೆಂಟ್.

2015ರ ಕೌಂಟರ್ ಟೆರರಿಸಂ ಕಾಯ್ದೆಯ ಸೆಕ್ಷನ್ 26ರಂತೆ "ಜನ ಭಯೋತ್ಪಾದನೆಯತ್ತ ಸೆಳೆಯಲ್ಪಡದಂತೆ ತಡೆಯುವತ್ತ ಗಮನ ಕೊಡುವ" ಹೊಣೆ ಟ್ರಸ್ಟಿನ ಮೇಲಿದೆ. 2015ರ ಜುಲೈ 1ರಿಂದ ಜಾರಿ. ಹೊಣೆ ಸಂಸ್ಥೆಯದು. ಅನುಮಾನ ಬಂದವರ ಹೆಸರು ಕಳಿಸದ ನರ್ಸಿಗೆ ಈ ಸೆಕ್ಷನ್ ಅಡಿ ಶಿಕ್ಷೆ ಇಲ್ಲ. ತರಬೇತಿ ಮುಗಿಸುವುದು ನೌಕರಿಯ ಷರತ್ತು, ಅದನ್ನು ಮುಗಿಸಿಕೊಳ್ಳಿ. ರೆಫರಲ್ (ಹೆಸರು ಕಳಿಸುವುದು) ಮಾತ್ರ ವೃತ್ತಿಯ ವಿವೇಚನೆ.

ವೈದ್ಯಲೋಕದ ಆಕ್ಷೇಪ ಬಹುಪಾಲು ಗಣಿತದ್ದು. ಅಪರೂಪದ ಕಾಯಿಲೆಗೆ ಊರಿಗೆಲ್ಲ ಸ್ಕ್ರೀನಿಂಗ್ ಮಾಡಿದರೆ ಏನಾಗುತ್ತದೆ? ಬರೀ ಲೆಕ್ಕಕ್ಕೆ ಹೇಳುವುದಾದರೆ, 10 ಲಕ್ಷ ಜನರಲ್ಲಿ 10 ಜನ ನಿಜವಾಗಿ ಅಪಾಯಕಾರಿ ಇದ್ದಾರೆ ಅಂದುಕೊಳ್ಳಿ. ನಮ್ಮ ಪರೀಕ್ಷೆ 10ರಲ್ಲಿ 9 ಜನರನ್ನು ಹಿಡಿಯುತ್ತದೆ, ನಿರಪರಾಧಿಗಳಲ್ಲಿ 5 ಶೇಕಡಾ ಜನರನ್ನು ತಪ್ಪಾಗಿ ಹಿಡಿಯುತ್ತದೆ. ಆಗ 9 ಜನ ನಿಜವಾದವರ ಜೊತೆ ಸುಮಾರು 50,000 ಅಮಾಯಕರು ಪಟ್ಟಿ ಸೇರುತ್ತಾರೆ, ಅಂದರೆ ಸುಮಾರು 5,500ಕ್ಕೆ 1. ಇಷ್ಟು ಒಳ್ಳೆಯ ಪರೀಕ್ಷೆಯೂ ಇಲ್ಲಿಲ್ಲ. ವರ್ಷಗಟ್ಟಲೆ ಆಧಾರವಾಗಿದ್ದದ್ದು ಇಆರ್‌ಜಿ 22+ ಎಂಬ 22 ಅಂಶಗಳ ಪಟ್ಟಿ. ಅದು ಜೈಲಿನಲ್ಲಿದ್ದ ಶಿಕ್ಷಿತ ಕೈದಿಗಳನ್ನು ನೋಡಿ ಮಾಡಿದ್ದು, ಓಪಿಡಿಗೆ ಬರುವ ಜನರನ್ನು ನೋಡಿ ಅಲ್ಲ. ಆಧಾರ ಬಹಿರಂಗಪಡಿಸಿ ಎಂದು ಮನೋವೈದ್ಯರ ರಾಯಲ್ ಕಾಲೇಜು 2016ರಲ್ಲೇ ಕೇಳಿತ್ತು.

ಪರೀಕ್ಷೆ ಸರಿಯಿಲ್ಲದಾಗ ಆ ಜಾಗವನ್ನು ತುಂಬುವುದು ಪೂರ್ವಗ್ರಹ. ಮೆಡ್ಯಾಕ್ಟ್ 2020ರ ವರದಿಗಾಗಿ ಮಾಹಿತಿ ಹಕ್ಕಿನಡಿ ಟ್ರಸ್ಟ್‌ಗಳಿಂದ ಅಂಕಿ ತೆಗೆದಾಗ, ಮುಸ್ಲಿಮರ ರೆಫರಲ್ ಪ್ರಮಾಣ ಇತರರಿಗಿಂತ 8 ಪಟ್ಟು, ಏಷ್ಯನ್ನರದು 4 ಪಟ್ಟು ಇತ್ತು. ಗಡ್ಡ ಬಿಟ್ಟದ್ದು, ಹಜ್‌ಗೆ ಹೊರಟದ್ದು ಖಾಯಿಲೆಯ ಲಕ್ಷಣ ಅಲ್ಲ ಎಂದು ಟಿಪ್ಪಣಿಯಲ್ಲಿ ಬಿಡಿಸಿ ಬರೆಯಿರಿ.

ಕೆಲಸದಲ್ಲಿ ಹೀಗೆ ಮಾಡಿ. ನಿಜವಾಗಿ ಕಳವಳ ಬಂದರೆ ಮೊದಲು "ಇದೇ ಮಾತನ್ನು ಬೇರೆ ಧರ್ಮದವರು ಹೇಳಿದ್ದರೆ ನನಗೆ ಹೀಗೇ ಅನ್ನಿಸುತ್ತಿತ್ತಾ?" ಎಂದು ಕೇಳಿಕೊಳ್ಳಿ. ಆಮೇಲೆ ಹಿರಿಯ ಸಹೋದ್ಯೋಗಿ, ಆಮೇಲೆ ಟ್ರಸ್ಟಿನ ಸೇಫ್‌ಗಾರ್ಡಿಂಗ್ ಲೀಡ್. ಹೆಸರು ಹೇಳದೆಯೇ ಸಲಹೆ ಕೇಳಬಹುದು. ಹೊಡೆತ, ಒಂಟಿತನ, ಖಿನ್ನತೆ ಕಂಡರೆ ಅದಕ್ಕೆ ಮಾಮೂಲಿ ಸೇಫ್‌ಗಾರ್ಡಿಂಗ್ ದಾರಿ ಇದೆ, ಅದಕ್ಕೆ ಪ್ರಿವೆಂಟ್ ಬೇಕಿಲ್ಲ. ಚಾನೆಲ್ ಎಂಬ ಮುಂದಿನ ಹಂತಕ್ಕೆ ವ್ಯಕ್ತಿಯ ಒಪ್ಪಿಗೆ ಬೇಕು ಅನ್ನುತ್ತಾರೆ, ನಿಜ. ಆದರೆ ಅಷ್ಟು ಹೊತ್ತಿಗೆ ಹೆಸರು ಪೊಲೀಸರ ಕಡತ ಸೇರಿರುತ್ತದೆ.

ಬಿಲ್ಲು_ಬಾಣ

ಬಿಲ್ಲಿನ ವಿಷಯ ನನ್ನದು. ಇದು ಕನ್ನಡ ಮನೆಗಳಿಗೆ ನೇರವಾಗಿ ತಾಗುವ ಸಂಗತಿ ಕೂಡ, ಏಕೆಂದರೆ ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮ ಈ ನಿಯಮದಡಿ "ಓವರ್‌ಸೀಸ್ ವಿಸಿಟರ್". ಕೆಲಸದ ವೀಸಾದವರು ಹೆಲ್ತ್ ಸರ್‌ಚಾರ್ಜ್ ಕಟ್ಟುತ್ತಾರೆ. 2015ರಲ್ಲಿ ವರ್ಷಕ್ಕೆ 200 ಪೌಂಡ್ ಇದ್ದದ್ದು 2024ರ ಫೆಬ್ರುವರಿಯಿಂದ 1,035. ಹೆಲ್ತ್ ಆ್ಯಂಡ್ ಕೇರ್ ವೀಸಾದವರಿಗೆ ಇದು ಇಲ್ಲ. ವಿಸಿಟರ್ ವೀಸಾದಲ್ಲಿ ಸರ್‌ಚಾರ್ಜ್ ಕಟ್ಟುವ ದಾರಿಯೇ ಇಲ್ಲ, ಹಾಗಾಗಿ ಆಸ್ಪತ್ರೆ ಸೇರಿದರೆ ಮಾಮೂಲಿ ದರದ 150 ಶೇಕಡಾ ಬಿಲ್.

ಎಲ್ಲರಿಗೂ ಉಚಿತ ಯಾವುದು: ಜಿಪಿ (ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟರ್) ಭೇಟಿ, ಎ ಆ್ಯಂಡ್ ಇ ಚಿಕಿತ್ಸೆ (ಒಳರೋಗಿಯಾಗಿ ದಾಖಲಾಗುವವರೆಗೆ ಮಾತ್ರ), ಟಿಬಿ, ಎಚ್‌ಐವಿಯಂಥ ಸೋಂಕು ರೋಗ, ಕುಟುಂಬ ಯೋಜನೆ. ಗರ್ಭಪಾತ ಈ ಪಟ್ಟಿಯಲ್ಲಿಲ್ಲ, ಹೆರಿಗೆಯೂ ಇಲ್ಲ. ಕೌಟುಂಬಿಕ ಅಥವಾ ಲೈಂಗಿಕ ಹಿಂಸೆ, ಚಿತ್ರಹಿಂಸೆಯಿಂದಾದ ತೊಂದರೆಗೆ ಚಿಕಿತ್ಸೆ ಉಚಿತ, ಆದರೆ ರೋಗಿ ಹೇಳಿಕೊಂಡರೆ, ಸಿಬ್ಬಂದಿ ಬರೆದುಕೊಂಡರೆ ಮಾತ್ರ. ಬಿಲ್ ವಿಭಾಗಕ್ಕೆ ವಿವರ ಬೇಕಿಲ್ಲ, "ವಿನಾಯಿತಿಯ ವರ್ಗಕ್ಕೆ ಸೇರಿದೆ" ಎಂಬ ಒಂದು ಸಾಲು ಸಾಕು.

2017ರ ಅಕ್ಟೋಬರ್ 23ರಿಂದ ತುರ್ತಲ್ಲದ ಚಿಕಿತ್ಸೆಗೆ ಮುಂಗಡ ದುಡ್ಡು. ನರ್ಸು, ಡಾಕ್ಟರ್ ತಿಳಿದಿರಬೇಕಾದ ಕೀಲಿ ಇಲ್ಲಿದೆ. ರೋಗಿಗೆ ಬಿಲ್ ಬರುತ್ತದೋ ಇಲ್ಲವೋ ಅಂತ ಹೇಳುವುದು ಓವರ್‌ಸೀಸ್ ವಿಸಿಟರ್ ಮ್ಯಾನೇಜರ್. ಚಿಕಿತ್ಸೆ ತುರ್ತೋ ಅಲ್ಲವೋ ಅಂತ ಹೇಳುವುದು ಚಿಕಿತ್ಸೆ ಕೊಡುವವರು ಮಾತ್ರ. "ತಕ್ಷಣ ಅಗತ್ಯ" ಅಥವಾ "ತುರ್ತು" ಎಂದು ಬರೆದ ಮೇಲೆ ದುಡ್ಡಿಗಾಗಿ ತಡೆಯುವಂತಿಲ್ಲ, ಬಿಲ್ ಆಮೇಲೆ ಬರುತ್ತದೆ. ಹೆರಿಗೆ ಆರೈಕೆ ಯಾವಾಗಲೂ "ತಕ್ಷಣ ಅಗತ್ಯ". "ತುರ್ತು" ಅಂದರೆ ರೋಗಿ ದೇಶ ಬಿಟ್ಟು ಹೊರಡುವ ದಿನದವರೆಗೆ ಕಾಯಲಾಗದ್ದು. ಯಾವಾಗ ಹೊರಡುತ್ತಾರೆಂದು ಗೊತ್ತಿಲ್ಲದ, ಕಾಗದಪತ್ರ ಇಲ್ಲದವರಿಗೆ ಮೊದಲು ಆರು ತಿಂಗಳು ಎಂದು ಅಂದಾಜಿಸಬಹುದು. ಹಾಗಾಗಿ ಸುಮ್ಮನೆ "ತುರ್ತಲ್ಲ" ಎಂದು ಟಿಕ್ ಹಾಕಿದರೆ ಕ್ಯಾನ್ಸರ್ ರೋಗಿ ಕೂಡ ಹೊರಬೀಳುತ್ತಾರೆ. ಹೀಗೆ ಆಗಿದೆಯೂ.

500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ಬಾಕಿ ಎರಡು ತಿಂಗಳು ಉಳಿದರೆ ಹೋಮ್ ಆಫೀಸಿಗೆ (ವೀಸಾ ನೋಡುವ ಗೃಹ ಇಲಾಖೆ) ಮಾಹಿತಿ ಹೋಗುತ್ತದೆ, ಮುಂದಿನ ವೀಸಾಕ್ಕೆ ತೊಡಕು. ಕಂತಿನಲ್ಲಿ ಕಟ್ಟುವ ಒಪ್ಪಂದ ಮಾಡಿಕೊಂಡರೆ ಆ ಕತ್ತಿ ದೂರವಾಗುತ್ತದೆ. ಎರಡು ತಿಂಗಳು ಮುಗಿಯುವ ಮೊದಲೇ ಬರೆದುಕೊಡಿ. ಅಪ್ಪ ಅಮ್ಮನಿಗೆ ವಿಮೆ ಮಾಡಿಸುವವರು ಹಳೆಯ ಸಕ್ಕರೆ ಕಾಯಿಲೆ, ಬಿಪಿ ಮುಚ್ಚಿಡಬೇಡಿ. ಕ್ಲೇಮ್ ಬೀಳುವುದು ಅಲ್ಲೇ.

ಕುಂದಾಪ್ರ_ನರ್ಸ್

ಜಿಪಿ ಕ್ಲಿನಿಕ್‌ನಲ್ಲಿ ಪಾಸ್‌ಪೋರ್ಟ್ ಕೇಳ್ತಾರಲ್ಲ ಸರ್?

ಬಿಲ್ಲು_ಬಾಣ

ಕೇಳಬಹುದು, ಇಲ್ಲ ಎಂಬ ಕಾರಣಕ್ಕೆ ನಿರಾಕರಿಸುವ ಹಾಗಿಲ್ಲ ಅಕ್ಕ. ಗುರುತಿನ ಚೀಟಿ, ವಿಳಾಸದ ಪುರಾವೆ ಎರಡೂ ಕಡ್ಡಾಯವಲ್ಲ. ನಿರಾಕರಿಸಿದರೆ 14 ದಿನದೊಳಗೆ ಕಾರಣ ಬರೆದುಕೊಡಬೇಕು. ಹೆಚ್ಚಿನ ಸಲ "ಬರೆದುಕೊಡಿ" ಅಂದ ಕೂಡಲೇ ನೋಂದಣಿ ಆಗುತ್ತದೆ.

ಜನ ಜಿಪಿ ಹತ್ತಿರ ಹೋಗಲು ಹೆದರಿದ್ದಕ್ಕೆ ಕಾರಣವೂ ಇತ್ತು. 2017ರ ಜನವರಿಯಿಂದ ಜಾರಿಯಲ್ಲಿದ್ದ ಒಂದು ಒಪ್ಪಂದದಲ್ಲಿ ಎನ್‌ಎಚ್‌ಎಸ್ ಡಿಜಿಟಲ್ ರೋಗಿಗಳ ವಿಳಾಸವನ್ನು ಹೋಮ್ ಆಫೀಸಿಗೆ ಕೊಡುತ್ತಿತ್ತು. ಡಾಕ್ಸ್ ನಾಟ್ ಕಾಪ್ಸ್‌ನಂಥ ಗುಂಪುಗಳು, ವೈದ್ಯ ಸಂಘಗಳು, ಪಾರ್ಲಿಮೆಂಟಿನ ಆರೋಗ್ಯ ಸಮಿತಿ ಎಲ್ಲ ಹಿಂದೆ ಬಿದ್ದ ಮೇಲೆ 2018ರ ಮೇನಲ್ಲಿ ನಿಂತಿತು, ನವೆಂಬರ್‌ನಲ್ಲಿ ಒಪ್ಪಂದವನ್ನೇ ವಾಪಸ್ ಪಡೆದರು. ಆದರೆ ಬಿಲ್ ಪದ್ಧತಿ ಇನ್ನೂ ಇದೆ. 2018ರ ಡಿಸೆಂಬರ್‌ನಲ್ಲಿ ರಾಯಲ್ ಕಾಲೇಜುಗಳು ಅಮಾನತಿನಲ್ಲಿಡಿ ಅಂದವು, 2019ರಲ್ಲಿ ಬಿಎಂಎ ವಾರ್ಷಿಕ ಸಭೆ ಕೈಬಿಡಿ ಅಂದಿತು. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ.

ಧಾರವಾಡ_ಪೇಡೆ

ಊರಿನ ಮಾತೂ ಒಂದಿಷ್ಟು ಇರ್ಲಿ. ಪೋಕ್ಸೋ ಸೆಕ್ಷನ್ 19ರ ಪ್ರಕಾರ ವರದಿ ಮಾಡೋದು ಡಾಕ್ಟ್ರಿಗೂ ಕಡ್ಡಾಯ. ಅದಕ್ಕ ಹೆದರಿ 16-17ರ ಹುಡುಗ್ಯಾರು ಗರ್ಭಪಾತಕ್ಕ ಸರ್ಕಾರಿ ಆಸ್ಪತ್ರಿ ಬಿಟ್ಟು ಎಲ್ಲೆಲ್ಲೋ ಹೋಗಿ ಜೀವಾ ಕಳ್ಕೋತಿದ್ರು. 2022ರ ಸೆಪ್ಟೆಂಬರ್ 29ಕ್ಕ ಸುಪ್ರೀಂ ಕೋರ್ಟ್ ಏನ್ ಹೇಳ್ತು ಅಂದ್ರ, ಹುಡುಗಿ ಮತ್ತ ಪಾಲಕರು ಕೇಳಿಕೊಂಡ್ರ ಪೊಲೀಸರಿಗೆ ಕೊಡೋ ವರದಿಯೊಳಗ ಆಕಿ ಹೆಸರು, ಗುರುತು ಡಾಕ್ಟ್ರು ಹೇಳಬೇಕಾಗಿಲ್ಲ. ಇನ್ನೂ ಭಾಳ ಆಸ್ಪತ್ರಿಯೊಳಗ ಗೊತ್ತಿಲ್ಲ. "ಮೊದ್ಲ ಎಫ್‌ಐಆರ್ ತಗೊಂಡ್ ಬಾ" ಅಂತಾರ. ಅಪಘಾತದ ಗಾಯಾಳಿಗೂ ಅದs ಮಾತು, 1989ರ ಪರಮಾನಂದ ಕಟಾರಾ ತೀರ್ಪು ಮೊದ್ಲ ಜೀವ, ಆಮ್ಯಾಲ ಕಾಗದ ಅಂದು ಎಷ್ಟ್ ವರ್ಷ ಆತು ನೋಡ್ರಿ.

ಕುಂದಾಪ್ರ_ನರ್ಸ್

ತುಂಬ ಉಪಕಾರ ಆಯ್ತು. ಕೊನೆಗೆ ಒಂದು. ಹೊಸಬರು ಮೆಡ್ಯಾಕ್ಟ್ ಥರದವರ ಪ್ರಚಾರದಲ್ಲಿ ಸೇರಿದರೆ ಸ್ಪಾನ್ಸರ್‌ಶಿಪ್‌ಗೆ, ನೋಂದಣಿಗೆ ತೊಂದರೆಯಾ?

ಕಡತಕಾಕಾ

ಸಂಘದ ಸದಸ್ಯರಾಗುವುದು, ಸಭೆಗೆ ಹೋಗುವುದು, ಎಂಪಿಗೆ ಪತ್ರ ಬರೆಯುವುದು, ಶಾಂತಿಯುತ ಮೆರವಣಿಗೆ ಇವಕ್ಕೆ ಅಡ್ಡಿಯಿಲ್ಲ. ಮೂರು ಎಚ್ಚರ: ಯೂನಿಫಾರ್ಮ್ ಮತ್ತು ಟ್ರಸ್ಟಿನ ಲೋಗೋ ಬಳಸುವ ಮುನ್ನ ಟ್ರಸ್ಟಿನ ನೀತಿ ಓದಿ, ಹೆಸರು ತೆಗೆದಿದ್ದರೂ ರೋಗಿಯ ಕಥೆ ಫೇಸ್‌ಬುಕ್ಕಿಗೆ ಹಾಕಬೇಡಿ, ವಾರ್ಡು ಮತ್ತು ದಿನಾಂಕದಿಂದಲೇ ಗುರುತು ಸಿಗುತ್ತದೆ, ಪ್ರತಿಭಟನೆಯಲ್ಲಿ ಪೊಲೀಸ್ ಕಾಷನ್ (ಅಧಿಕೃತ ಎಚ್ಚರಿಕೆ) ಅಥವಾ ಚಾರ್ಜ್ ಆದರೆ ನರ್ಸಿಂಗ್ ಕೌನ್ಸಿಲ್ಲಿಗೆ ತಡಮಾಡದೆ ತಿಳಿಸಬೇಕು. ವೀಸಾದ ಮೇಲಿರುವವರು ರಸ್ತೆ ತಡೆಯಂಥ ಕಾನೂನುಭಂಗದಿಂದ ದೂರ ಇರುವುದೇ ಜಾಣತನ.

ಅದಕ್ಕಿಂತ ಹೆಚ್ಚು ಉಪಯೋಗ ಬೀಳುವುದು ಮೇಜಿನ ಮೇಲಿನ ಕೆಲಸ. ಮಾಹಿತಿ ಹಕ್ಕಿನ ಅರ್ಜಿ ಇಮೇಲ್‌ನಲ್ಲೇ ಹಾಕಬಹುದು, ಶುಲ್ಕವಿಲ್ಲ, 20 ಕೆಲಸದ ದಿನದಲ್ಲಿ ಉತ್ತರ ಬರಬೇಕು. "ಪ್ರಿವೆಂಟ್ ಬಗ್ಗೆ ಎಲ್ಲ ದಾಖಲೆ" ಅಂದರೆ 18 ಗಂಟೆಗಿಂತ ಹೆಚ್ಚು ಕೆಲಸ ಎಂದು ತಳ್ಳಿಹಾಕುತ್ತಾರೆ. ಹಾಗಾಗಿ "ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ರೆಫರಲ್ ಎಷ್ಟು, ಧರ್ಮ ಮತ್ತು ಜನಾಂಗವಾರು" ಎಂದು ಅಳತೆ ಮಾಡಿ ಕೇಳಿ. 5ಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನು ಗುರುತು ಸಿಗುತ್ತದೆಂದು ಮುಚ್ಚುತ್ತಾರೆ, ಒಂದು ವರ್ಷದ ಬದಲು ಮೂರು ವರ್ಷ ಒಟ್ಟು ಕೇಳಿದರೆ ಸಿಗುತ್ತದೆ. ರಾಷ್ಟ್ರೀಯ ಭದ್ರತೆ ಎಂದು ನಿರಾಕರಿಸಿದರೆ ಆಂತರಿಕ ಮರುಪರಿಶೀಲನೆ ಕೇಳಿ, ಆಮೇಲೆ ಇನ್‌ಫರ್ಮೇಷನ್ ಕಮಿಷನರ್. ಅರ್ಜಿಯನ್ನು ಮನೆಯ ಇಮೇಲ್‌ನಿಂದ ಕಳಿಸಿ, ಟ್ರಸ್ಟಿನದರಿಂದ ಬೇಡ.

ಬಿಲ್ಲು_ಬಾಣ

ಟಿಪ್ಪಣಿಯ ತಲೆಯಲ್ಲೇ "ಇಂಗ್ಲೆಂಡಿಗೆ ಮಾತ್ರ" ಎಂದು ಹಾಕಿ ಅಕ್ಕ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಬಿಲ್ಲಿನ ನಿಯಮ ಬೇರೆ. ಆಶ್ರಯದ ಅರ್ಜಿ ತಿರಸ್ಕೃತವಾದವರಿಗೂ ಅಲ್ಲಿ ಚಿಕಿತ್ಸೆ ಉಚಿತ. ಗ್ಲಾಸ್ಗೋಗೆ ಹೋಗುವವರು ಇದನ್ನೇ ಹಿಡಿದುಕೊಂಡು ರೋಗಿಯನ್ನು ವಾಪಸ್ ಕಳಿಸಿಬಿಟ್ಟಾರು.